ಕೇಳಿದ್ದಕ್ಕಷ್ಟೇ ಉತ್ತರ

ಪೇಶೆಂಟಮ್ಮನ ನಡಿಗೆ ಹೇಗಿತ್ತು ಎಂದು ಆಕೆಯ ಒಡಹುಟ್ಟಿದ ಅಣ್ಣನನ್ನು ಕೇಳಿದ್ದರೂ ಆತ ಖಚಿತವಾಗಿ ಹೇಳಲಾರದೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ. ಒಂದು ದಿನ ಬಲಮೊಣಕಾಲನ್ನು ಎಳೆದುಹಾಕುತ್ತ ಗೋಡೆಯ ಆಸರೆ ಹಿಡಿದು ಬರುವಳು. ಮರುದಿನ ಮೊಣಕಾಲು ನೆಟ್ಟಗಿದ್ದು ಮೆಟ್ಟಿಲ ನಡುವೆ ನಿಂತು ಏದುಸಿರು ಬಿಡುವಳು. ಮತ್ತೊಂದು ದಿನ ಕತ್ತನ್ನು ಒಂದಿಷ್ಟೂ ಹೊರಳಿಸದೆ, ಹಿಂದಿನಿಂದ ಕರೆದವರ ಕಡೆಗೆ ಇಡೀ ದೇಹವನ್ನೇ ಬೀರುವಿನ ಹಾಗೆ ತಿರುಗಿಸುವಳು. ಕಾಯಿಲೆಗಳು ಆಕೆಯ ಮೈಗೆ ಬಾಡಿಗೆದಾರರಂತೆ ಬಂದು, ಇದ್ದಷ್ಟು ದಿನ ಇದ್ದು, ಮನೆ ಖಾಲಿ ಮಾಡಿಕೊಂಡು ಹೋಗುತ್ತಿದ್ದವು. ಇದರಲ್ಲಿ ಮೋಸವೇನೂ ಇರಲಿಲ್ಲ. ಅದು ಆಕೆಯ ಉದ್ಯೋಗ.

ಆ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಒಂದು ಏರ್ಪಾಡಿತ್ತು. ವಿದ್ಯಾರ್ಥಿಗಳು ನಿಜವಾದ ರೋಗಿಯ ಮುಂದೆ ಕೂರುವ ಮೊದಲು ರೋಗಿಯನ್ನು ಮಾತನಾಡಿಸುವುದು ಹೇಗೆಂದು ಕಲಿಯಬೇಕಷ್ಟೆ. ಅದಕ್ಕಾಗಿ ಕಾಲೇಜಿನವರು ಆರೋಗ್ಯವಾಗಿರುವ ಕೆಲವರನ್ನು ಗೊತ್ತುಮಾಡಿಕೊಂಡು, ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆಯನ್ನು ಬಾಯಿಪಾಠ ಮಾಡಿಸಿ, ಪುಟ್ಟ ಕೋಣೆಗಳಲ್ಲಿ ಮಂಚದ ಮೇಲೆ ಕೂರಿಸುತ್ತಿದ್ದರು. ಹೆಸರು, ವಯಸ್ಸು, ಗಂಡನ ಉದ್ಯೋಗ, ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯುತ್ತದೆ, ಯಾವ ಪ್ರಶ್ನೆಗೆ ಕಣ್ಣು ತುಂಬಬೇಕು, ಯಾವುದಕ್ಕೆ ಸಿಡುಕಬೇಕು, ಎಲ್ಲವೂ ಒಂದು ಹಾಳೆಯಲ್ಲಿ ಅಚ್ಚಾಗಿ ಬರುತ್ತಿತ್ತು. ವಿದ್ಯಾರ್ಥಿ ಬಾಗಿಲು ತಟ್ಟಿ ಒಳಬರುತ್ತಾನೆ, ಕೇಳಬೇಕಾದ್ದನ್ನು ಕೇಳುತ್ತಾನೆ, ಕಾಯಿಲೆ ಇಂಥದ್ದೆಂದು ಹೇಳುತ್ತಾನೆ, ಗಂಟೆ ಹೊಡೆದೊಡನೆ ಪಕ್ಕದ ಕೋಣೆಗೆ ಹೋಗುತ್ತಾನೆ. ಇನ್ನೊಬ್ಬ ಬರುತ್ತಾನೆ, ಅದೇ ನೋವು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಟೆಲಿಫೋನ್ ಕಚೇರಿಯಲ್ಲಿ ಊರಿನವರ ಮಾತಿಗೆ ಮಾತು ಜೋಡಿಸುತ್ತಿದ್ದ ಆಕೆ, ಆ ಕೆಲಸವನ್ನು ಯಂತ್ರ ಕಸಿದುಕೊಂಡ ಮೇಲೆ ಇಲ್ಲಿಗೆ ಬಂದಳು. ಪೇಶೆಂಟಮ್ಮ ಎಂಬುದು ವಿದ್ಯಾರ್ಥಿಗಳಿಟ್ಟ ಹೆಸರು. ಅದು ಕಾಲೇಜಿನಿಂದ ಹೊರಟು ಮನೆಯ ಹೊಸ್ತಿಲನ್ನೂ ದಾಟಿ, ಕೊನೆಗೆ ತರಕಾರಿಯವನ ಬಾಯಲ್ಲಿ ಕೂಡ ನಿಂತುಬಿಟ್ಟಿತ್ತು.

ಈ ಕೆಲಸಕ್ಕೆ ಇದ್ದದ್ದು ಒಂದೇ ಕಟ್ಟುನಿಟ್ಟು. ಮೊದಲ ದಿನವೇ ಮೇಲ್ವಿಚಾರಕಿ, ನಿವೃತ್ತಳಾದ ನರ್ಸು, ಅದನ್ನು ಬೆರಳೆತ್ತಿ ಹೇಳಿದ್ದಳು. "ಕೇಳಿದ್ದಕ್ಕಷ್ಟೇ ಉತ್ತರ. ಕೇಳದೇ ಇರೋದನ್ನ ನೀವಾಗೇ ಹೇಳ್ಬಿಟ್ರೆ ಮಕ್ಕಳು ಕಲಿಯೋದು ಏನನ್ನ? ನಾಲಿಗೆ ತುದೀಲಿದ್ರೂ ನುಂಗ್ಕೊಳ್ಳಿ." ಜತೆಗೆ ಸೇರಿದ ಉಳಿದವರೆಲ್ಲ ಎಡವಿದ್ದು ಇಲ್ಲೇ. ಪೆಚ್ಚುಮೋರೆ ಹಾಕಿಕೊಂಡು ಬೆವರುತ್ತಿರುವ ವಿದ್ಯಾರ್ಥಿಯನ್ನು ಕಂಡರೆ ಅವರ ಕರುಳು ಚುರುಕ್ಕೆನ್ನುವುದು, ಬಾಯಿ ತಾನಾಗಿ ತೆರೆದುಕೊಳ್ಳುವುದು. ಪೇಶೆಂಟಮ್ಮ ಮಾತ್ರ ನುಂಗಿಕೊಂಡಳು, ವರ್ಷಗಟ್ಟಲೆ ನುಂಗಿಕೊಂಡಳು, ಮತ್ತು ಆ ನುಂಗುವುದರಲ್ಲಿ ಕ್ರಮೇಣ ಒಂದು ಬಗೆಯ ಕಲಾನೈಪುಣ್ಯವನ್ನೇ ಸಾಧಿಸಿದಳು. ಪಿತ್ತಕೋಶದಲ್ಲಿ ಕಲ್ಲಿರುವ ಹೆಂಗಸಾಗಿ ಬಲಪಕ್ಕೆಯನ್ನು ಒತ್ತಿಹಿಡಿದು ಕುಳಿತಿರುವಾಗ, "ನೋವು ಬೇರೆ ಕಡೆಗೇನಾದ್ರೂ ಹೋಗುತ್ತಾ?" ಎಂದು ವಿದ್ಯಾರ್ಥಿ ಕೇಳುವತನಕ ಹೆಗಲಿನ ಸುದ್ದಿಯನ್ನು ಎತ್ತುತ್ತಿರಲಿಲ್ಲ, ಕೇಳಿದನೋ, ಹೆಗಲೇ ಸ್ವತಃ ಉತ್ತರ ಹೇಳುವಂತೆ ಒಂದು ಸಣ್ಣ ಕಂಪನ. ಕೇಳದೆ ಹೋದವನ ಬೆನ್ನನ್ನು ನೋಡುತ್ತ ಮನಸ್ಸಿನಲ್ಲೇ ಒಂದು ಅಂಕ ಕಳೆಯುವಳು. ಅದರಲ್ಲಿ ಆಕೆಗೆ ಸ್ವಲ್ಪ ಖುಷಿಯೂ ಇತ್ತೆಂದು ಹೇಳಿಬಿಡುವುದೇ ವಾಸಿ.

ಆಕೆಯ ಪಾತ್ರಗಳಲ್ಲಿ ಒಂದು, ಗಂಡ ತೀರಿಕೊಂಡ ಸುದ್ದಿಯನ್ನು ಕೇಳಬೇಕಾದ ಹೆಂಗಸಿನದು. ಕೆಟ್ಟ ಸುದ್ದಿಯನ್ನು ಹೇಗೆ ಹೇಳಬೇಕೆಂದು ಕಲಿಯುವ ಪಾಠ ಅದು. ಬೆಳಗಿನಿಂದ ಸಂಜೆಯವರೆಗೆ ಒಬ್ಬರಾದ ಮೇಲೊಬ್ಬರು ಬಂದು, ಕೆಲವರು ನೆಲ ನೋಡುತ್ತ, ಕೆಲವರು ಗಡಿಯಾರ ನೋಡುತ್ತ, ಆಕೆಯ ಗಂಡ ಸತ್ತನೆಂದು ತಿಳಿಸುವರು. ಪ್ರತಿಸಲವೂ ಆಕೆ ಅದನ್ನು ಮೊಟ್ಟಮೊದಲ ಸಲ ಕೇಳಿದಂತೆ ಕೇಳಬೇಕು. ಆಕೆಯ ನಿಜವಾದ ಗಂಡ ಸತ್ತಾಗ ಆಸ್ಪತ್ರೆಯ ಯಾರೋ ಒಬ್ಬರು ಕಾರಿಡಾರಿನಲ್ಲಿ ನಡೆಯುತ್ತಲೇ ವಿಷಯ ಹೇಳಿ, ಚಪ್ಪಲಿ ಸಪ್ಪಳ ಮಾಡುತ್ತ ಮುಂದೆ ಹೋಗಿದ್ದರು. ಈಗ ವಿದ್ಯಾರ್ಥಿನಿಯೊಬ್ಬಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಹೇಳಬೇಕಾದ್ದನ್ನು ಹೇಳಿ, ಆಮೇಲೆ ಮಾತಾಡದೆ ಅಲ್ಲೇ ಕುಳಿತಳು. ಗಂಟೆ ಹೊಡೆದರೂ ಏಳಲಿಲ್ಲ. ಅವತ್ತಿನ ಅಳು ಹಾಳೆಯಲ್ಲಿ ಬರೆದಿದ್ದ ಅಳುವಿಗಿಂತ ಸ್ವಲ್ಪ ಉದ್ದವಾಯಿತು. ಬಹಳ ಹಿಂದೆ ಆಗಬೇಕಾಗಿದ್ದ ಒಂದು ಸಮಾಧಾನ, ವಿಳಾಸ ತಪ್ಪಿ ಎಲ್ಲೆಲ್ಲೋ ಸುತ್ತಾಡಿ ತಡವಾಗಿ ಮನೆ ಸೇರಿದಂತೆ ಆಕೆಗೆ ಅನ್ನಿಸಿತು. ಈ ಸಂಗತಿಯನ್ನು ಆಕೆ ಮನೆಯಲ್ಲಿ ಹೇಳಲಿಲ್ಲ. ಮನೆಯಲ್ಲಿ ಯಾರೂ ಕೇಳಲಿಲ್ಲ.

ಆಕೆಗೊಂದು ಬೂದು ಬಣ್ಣದ ಕೋಟಿತ್ತು, ಮೊಣಕೈಯಲ್ಲಿ ಹೊಳಪು ಬಂದಷ್ಟು ಹಳೆಯದು. ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ಸೆಕೆಯಿರಲಿ ಚಳಿಯಿರಲಿ ಅದನ್ನು ಹಾಕಿಕೊಳ್ಳಲೇಬೇಕು. ಮನೆಗೆ ಬಂದು ಚಹಾ ಕುಡಿದು ಮುಗಿಸುವ ತನಕ ಬಿಚ್ಚುವಂತಿಲ್ಲ. ಬಿಚ್ಚಿದ ಮೇಲಷ್ಟೇ ಆಕೆ ಮನೆಗೆ ಬಂದಳೆಂದು ಲೆಕ್ಕ. ಮಾತಿನಲ್ಲಿಯೂ ಒಂದು ಚಾಳಿ ಅಂಟಿಕೊಂಡಿತ್ತು. ತರಬೇತಿಯ ಕಾಲದಲ್ಲಿ ಮೇಲ್ವಿಚಾರಕಿ ಸಾಲುಸಾಲಿಗೂ ಸೇರಿಸುತ್ತಿದ್ದ "ಅಂತ ಇಟ್ಕೊಳ್ಳಿ" ಎಂಬ ಬಾಲವನ್ನು ಈಕೆ ಯಥಾವತ್ತಾಗಿ ಎತ್ತಿಕೊಂಡಿದ್ದಳು. "ಅಡುಗೆಗೆ ಉಪ್ಪು ಒಂಚೂರು ಜಾಸ್ತಿಯಾಗಿದೆ ಅಂತ ಇಟ್ಕೊಳ್ಳಿ." "ನಾಳೆ ನಂಗೆ ರಜಾ ಅಂತ ಇಟ್ಕೊಳ್ಳಿ." ಉಪ್ಪು ನಿಜವಾಗಿಯೂ ಜಾಸ್ತಿಯಾಗಿತ್ತೋ, ಅದು ಕೇವಲ ಒಂದು ಸಾಧ್ಯತೆಯೋ ಎಂಬುದನ್ನು ತಿನ್ನುವವರೇ ತೀರ್ಮಾನಿಸಬೇಕಾಗಿತ್ತು.

ತಿನ್ನುವವರು ಇಬ್ಬರು. ಆಕೆಯ ಅಣ್ಣ ಬೇರೊಂದು ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿ ನಿವೃತ್ತನಾದವನು. ಹೆಂಡತಿ ಹೋದ ಮೇಲೆ ಮನೆ ನಡೆಸಲೆಂದು ವಿಧವೆಯಾದ ತಂಗಿಯನ್ನು ಕರೆತಂದವನೂ ಅವನೇ. ಆತನ ಮಗಳು ಇನ್ನೊಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುತ್ತಿದ್ದಳು. ಅಪ್ಪ ಮಗಳಿಗೆ ಉಳಿದ ವಿಷಯಗಳಲ್ಲೆಲ್ಲ ಹೊಂದಾಣಿಕೆ. ಮನುಷ್ಯನಲ್ಲಿ ತಾನು ಎಂಬುದು ಎಲ್ಲಿದೆ ಎಂಬ ಒಂದು ವಿಷಯದಲ್ಲಿ ಮಾತ್ರ ಎಣ್ಣೆ ಸೀಗೆಕಾಯಿ. ಹೆಸರನ್ನು ತೆಗೆ, ಉದ್ಯೋಗವನ್ನು ತೆಗೆ, ದೇಹವನ್ನು ತೆಗೆ, ನೆನಪನ್ನು ತೆಗೆ, ಇದಲ್ಲ ಇದಲ್ಲ ಎಂದು ಒಂದೊಂದನ್ನೇ ತೆಗೆಯುತ್ತ ಹೋದರೆ ಕಟ್ಟಕಡೆಗೆ ತೆಗೆಯಲಾಗದ್ದೊಂದು ಉಳಿಯುತ್ತದೆ, ಅದೇ ತಾನು ಎಂದು ಅಪ್ಪ. ಹಾಗೆ ಸುಲಿಯುತ್ತ ಹೋದರೆ ಈರುಳ್ಳಿಯಲ್ಲಿ ಉಳಿಯುವಷ್ಟೇ ಉಳಿಯುತ್ತದೆ. ಮನುಷ್ಯ ಎಂದರೆ ನಾಲ್ಕು ಜನ ಅವನನ್ನು ಏನೆಂದು ಕಂಡರೋ ಅದರ ಮೊತ್ತ ಎಂದು ಮಗಳು. ಇಂಥ ವಾದಕ್ಕೆ ಉದಾಹರಣೆ ಬೇಕಲ್ಲ, ಅದು ಊಟದ ಮೇಜಿನ ಮೇಲೆಯೇ ಸಿದ್ಧವಾಗಿತ್ತು, ಬಡಿಸುತ್ತಲೂ ಇತ್ತು.

"ನಿಮ್ಮತ್ತೇನೇ ನೋಡು," ಎನ್ನುವನು ಅಣ್ಣ. "ದಿನಕ್ಕೊಂದು ವೇಷ. ಸಾಯಂಕಾಲ ಎಲ್ಲಾ ಕಳಚಿಟ್ಟು ಮನೆಗೆ ಬರ್ತಾಳಲ್ಲ, ಆ ಬರೋಳು ಯಾರು?"

"ಮನೆಗೆ ಬಂದ ಮೇಲೆ ನಿನಗೆ ತಂಗಿ, ನನಗೆ ಅತ್ತೆ. ಅವೂ ಪಾತ್ರಗಳೇ ಅಲ್ವಾ ಅಪ್ಪ? ನಾವಿಬ್ರೂ ಎದ್ದು ಹೋದ್ರೆ ಇಲ್ಲಿ ಉಳಿಯೋರು ಯಾರು, ಹೇಳು ನೋಡೋಣ?"

"ನೀವಿಬ್ರೂ ಎದ್ದು ಹೋದ್ರೆ," ಎಂದಳು ಪೇಶೆಂಟಮ್ಮ, "ಪಾತ್ರೆ ಉಳಿಯುತ್ತೆ. ತೊಳೆಯೋಳು ನಾನು ಅಂತ ಇಟ್ಕೊಳ್ಳಿ."

ಇಬ್ಬರೂ ನಕ್ಕರು, ಆಕೆಯೂ ನಕ್ಕಳು. ವಾದ ಮರುದಿನಕ್ಕೆ ಮುಂದೆ ಹೋಯಿತು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಂಥ ಮನೆಗಳನ್ನು ನೋಡಿಯೇ ಹುಟ್ಟಿರಬೇಕು. ಮನುಷ್ಯನ ಅಂತರಂಗವನ್ನು ಅಪ್ಪ ಒಳಗಿನಿಂದಲೂ ಮಗಳು ಹೊರಗಿನಿಂದಲೂ ಶೋಧಿಸುತ್ತಿದ್ದ ಆ ಮೇಜಿನಲ್ಲಿ, ಬಡಿಸುವವಳ ಮುಖ ದಿನದಿಂದ ದಿನಕ್ಕೆ ಸುಣ್ಣದ ಬಣ್ಣಕ್ಕೆ ತಿರುಗುತ್ತಿದ್ದದ್ದು ಇಬ್ಬರ ಕಣ್ಣಿಗೂ ಬೀಳಲಿಲ್ಲ.

ಆಗಿದ್ದು ಇಷ್ಟು. ಇಲ್ಲದ ಮೊಣಕಾಲು ನೋವನ್ನು ವರ್ಷಗಳ ಕಾಲ ನಡೆದು ತೋರಿಸಿದ್ದರಿಂದಲೋ ಏನೋ, ಆ ಮೊಣಕಾಲು ಒಂದು ದಿನ ನಿಜವಾಗಿಯೂ ನೋಯತೊಡಗಿತು. ನಟನೆಯ ನೋವಿಗೆ ಗಂಟೆ ಹೊಡೆದರೆ ಮುಗಿಯಿತು. ಇದಕ್ಕೆ ಗಂಟೆ ಇರಲಿಲ್ಲ. ಆಕೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದಳು. ನುಂಗುವುದು ಹೇಗೂ ರೂಢಿಯಾಗಿತ್ತಲ್ಲ, ದಿನಾ ನುಂಗಿದಳು. ಮಾತ್ರೆಗಳು ಮೊಣಕಾಲನ್ನು ಸುಮ್ಮನಾಗಿಸಿ ಹೊಟ್ಟೆಯನ್ನು ಹಿಡಿದುಕೊಂಡವು. ಎದೆಗೂಡಿನ ಕೆಳಗೆ, ನಡುಮಧ್ಯದಲ್ಲಿ, ಏನೋ ಒಂದು ಕೂತು ಮೆಲ್ಲಗೆ ಕೆರೆಯುತ್ತಿರುವಂತೆ. ಮೊದಮೊದಲು ಆಕೆಗೆ ಅದರ ಮೇಲೆ ನಂಬಿಕೆಯೇ ಬರಲಿಲ್ಲ. ಎಷ್ಟೋ ಹೊಟ್ಟೆನೋವುಗಳನ್ನು ಇದೇ ಜಾಗದಲ್ಲಿ ಕೂರಿಸಿ ಎಬ್ಬಿಸಿದ್ದವಳು, ಇದೂ ಯಾವುದೋ ಹಳೆಯ ಹಾಳೆಯ ನೋವು, ಹೊರಡುವುದನ್ನು ಮರೆತು ಉಳಿದುಕೊಂಡಿದೆ ಎಂದುಕೊಂಡಳು. ಸಂಜೆ ಕೋಟು ಬಿಚ್ಚಿದರೂ ಅದು ಹೋಗಲಿಲ್ಲ. ಆಗ ಹೆದರಿಕೆಯಾಯಿತು. ಆ ಹೆದರಿಕೆಯನ್ನು ಹೇಳಲು ಆಕೆಯ ಬಳಿ ಸ್ವಂತದ್ದೊಂದು ಮಾತೂ ಇಲ್ಲದ್ದು ಹೊಟ್ಟೆನೋವಿಗಿಂತ ಹೆಚ್ಚು ಕಾಡಿತು.

ಕೊನೆಗೆ ಯಾರಿಗೂ ಹೇಳದೆ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಹೋಗಿ ಕೂತಳು. ಒಳಗಿದ್ದ ಯುವ ವೈದ್ಯ ಕೆಲವೇ ವರ್ಷಗಳ ಹಿಂದೆ ಆಕೆಯ ಪಿತ್ತಕೋಶದ ಕಲ್ಲನ್ನು ಗುರುತಿಸಿ ಒಳ್ಳೆಯ ಅಂಕ ಗಿಟ್ಟಿಸಿದ್ದವನು. ಕಂಡೊಡನೆ ಅವನ ಮುಖ ಅರಳಿತು.

"ಅಯ್ಯೋ, ಅಮ್ಮ, ನೀವಾ? ಇವತ್ತು ಯಾವ ಕೇಸು?"

"ಇವತ್ತು ನಿಜವಾದದ್ದು ಅಂತ ಇಟ್ಕೊಳ್ಳಿ."

ಅವನು ನಕ್ಕು, ಆಮೇಲೆ ಗಂಭೀರನಾಗಿ, ಎಲ್ಲಿ ನೋವು, ಯಾವಾಗಿನಿಂದ, ಊಟವಾದ ಮೇಲೆ ಹೆಚ್ಚೋ ಕಡಿಮೆಯೋ ಎಂದು ಕೇಳಿದ. ಪೇಶೆಂಟಮ್ಮನ ಬಾಯಿಂದ ಉತ್ತರಗಳು ನಿರರ್ಗಳವಾಗಿ ಹೊರಟವು. ಎದೆಯುರಿ, ಹುಳಿತೇಗು, ಊಟವಾದ ಮೇಲೆ ಜಾಸ್ತಿ, ಮಲಗಿದರೆ ಇನ್ನೂ ಜಾಸ್ತಿ. ಅವು ಆಮ್ಲಪಿತ್ತದ ಹಾಳೆಯ ವಾಕ್ಯಗಳು. ಹೇಳುತ್ತಿರುವಾಗಲೇ ಆಕೆಗೆ ಅದು ಗೊತ್ತಾಗುತ್ತಿತ್ತು, ಆದರೆ ಅಚ್ಚುಕಟ್ಟಾದ ವಾಕ್ಯಗಳು ಒಮ್ಮೆ ಹೊರಟ ಮೇಲೆ ಮುದ್ದೆಯಾದ ನಿಜಕ್ಕೆ ದಾರಿ ಬಿಡುವುದಿಲ್ಲ. ಹೊರಗೆ ಸಾಲು ಬಾಗಿಲಿನ ತನಕ ಬೆಳೆದಿತ್ತು. ಅವನು ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಲಿಲ್ಲ. ತೂಕ ಇಳಿದಿದೆಯೇ ಎಂದು ಕೇಳಲಿಲ್ಲ. ಮತ್ತೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ಉರಿಗೆ ಒಂದು ಔಷಧಿ ಬರೆದುಕೊಟ್ಟ. ಆಕೆ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಕೈಮುಗಿದು, ಹೊರಬಂದು, ಕಾರಿಡಾರಿನುದ್ದಕ್ಕೂ ಮನಸ್ಸಿನಲ್ಲೇ ಅವನ ಅಂಕಗಳನ್ನು ಕಳೆಯುತ್ತ ಬಸ್ಸು ಹತ್ತಿದಳು.

ಮನೆಯಲ್ಲಿ ಅಣ್ಣನ ಮಗಳು, ಆಕೆಯ ಸೋದರಸೊಸೆ, ಅಡುಗೆಮನೆಯಲ್ಲಿ ನಿಂತು ಚಹಾ ಸೋಸುತ್ತಿದ್ದಳು. ಪೇಶೆಂಟಮ್ಮ ಕೋಟಿನಲ್ಲೇ ಕುರ್ಚಿಯ ಮೇಲೆ ಕೂತಳು.

"ಇವತ್ತು ನಮ್ಮ ಹಳೇ ಹುಡುಗನ್ನ ನೋಡಿದೆ. ಡಾಕ್ಟ್ರಾಗಿದಾನೆ. ಮಾತೆಲ್ಲ ಚೆನ್ನಾಗೇ ಆಡ್ತಾನೆ. ಆದ್ರೆ ಮುಖ್ಯವಾದ ಪ್ರಶ್ನೆನೇ ಬಿಟ್ಬಿಟ್ಟ."

"ಯಾವ ಪ್ರಶ್ನೆ ಅತ್ತೆ?" ಎಂದಳು ಆಕೆ, ಅರ್ಧ ಗಮನದಲ್ಲಿ.

"ಕಕ್ಕಸಿಗೆ ಹೋದಾಗ ಬಣ್ಣ ಹೇಗಿರುತ್ತೆ ಅಂತ."

"ಹೇಗಿರಬೇಕಿತ್ತು, ಆ ಪೇಶೆಂಟಿಗೆ?"

"ಕಪ್ಪು. ಡಾಂಬರಿನ ಹಾಗೆ."

"ಅಂದ್ರೆ ಏನರ್ಥ?"

"ಒಳಗೆ ರಕ್ತ ಹೋಗ್ತಿದೆ ಅಂತ."

"ಇವತ್ತು ನಿಂಗೆ ಕೆಲಸ ಇರ್ಲಿಲ್ಲವಲ್ಲ ಅತ್ತೆ," ಎಂದಳು ಸೋದರಸೊಸೆ. ಚಹಾ ಬಟ್ಟಲನ್ನು ತುಂಬಿ ತಟ್ಟೆಗೆ ಹರಿಯಿತು. "ಯಾರಿಗೆ ಕಪ್ಪು?"

ಅದು ಪೇಶೆಂಟಮ್ಮನಿಗೆ ನಿಜವಾಗಿಯೂ ಕಷ್ಟದ ಪ್ರಶ್ನೆಯಾಗಿತ್ತು.

"ನಂಗೆ," ಎಂದಳು.

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

"ಅವನು ಕೇಳ್ಲಿಲ್ಲವಲ್ಲ."

"ಅಳದಿದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ ಅತ್ತೆ," ಎಂದು ಸೋದರಸೊಸೆ ಶುರುಮಾಡಿದಳು. ಅಷ್ಟಕ್ಕೇ ನಿಲ್ಲಿಸಿ ಅಪ್ಪನನ್ನು ಕೂಗಿದಳು. ಆತ ಓದುತ್ತಿದ್ದ ಪುಸ್ತಕದೊಳಗೆ ಬೆರಳಿಟ್ಟುಕೊಂಡೇ ಬಂದ, ಬೆರಳು ಹಾಗೆಯೇ ಇದ್ದಂತೆ ಟ್ಯಾಕ್ಸಿ ಹತ್ತಿದ.

ಆಸ್ಪತ್ರೆಯಲ್ಲಿ ಅದೇ ಯುವ ವೈದ್ಯ ಇನ್ನೂ ಇದ್ದ. ಸೋದರಸೊಸೆ ಹೇಳಿದ್ದನ್ನು ಕೇಳಿ ಅವನ ಮುಖ ಕಳೆಗುಂದಿತು. ಕಣ್ಣಿನ ರೆಪ್ಪೆ ಎಳೆದು ನೋಡಿದ, ನಾಡಿ ಹಿಡಿದ, ರಕ್ತ ತರಿಸಲು ನರ್ಸಿಗೆ ಹೇಳಿದ. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತ.

"ತಪ್ಪಾಯ್ತಮ್ಮ. ಈಗ ನಾನೇನೂ ಕೇಳಲ್ಲ. ನೀವಾಗೇ ಹೇಳಿ."

ಪ್ರಶ್ನೆಯೇ ಇಲ್ಲದ ಆ ಜಾಗದಲ್ಲಿ ಪೇಶೆಂಟಮ್ಮನಿಗೆ ನಿಲ್ಲಲು ನೆಲವೇ ಸಿಗಲಿಲ್ಲ. ಹಾಳೆಗಳ ವಾಕ್ಯಗಳು ಒಂದೊಂದಾಗಿ ಬಂದು ಮುಂದೆ ನಿಂತವು. ಇದು ಕಲ್ಲಿನವಳದು, ಇದು ಉರಿಯವಳದು, ಇದು ಗಂಡ ಸತ್ತವಳದು ಎಂದು ಗುರುತಿಸಿ ಒಂದೊಂದನ್ನೇ ಪಕ್ಕಕ್ಕೆ ಸರಿಸಿದಳು. ಗೋಡೆಗೊರಗಿ ನಿಂತ ಅಣ್ಣನನ್ನೂ ಆತನ ಮಗಳನ್ನೂ ನೋಡಿದಳು. ಇಬ್ಬರೂ ತನ್ನ ಕಡೆಗೇ ನೋಡುತ್ತಿದ್ದಾರೆ ಎಂಬುದು ಗಮನಕ್ಕೆ ಬಂದು ಒಂದು ಬಗೆಯ ಸಂಕೋಚವೂ ಆಯಿತು.

"ಎರಡು ತಿಂಗಳಿಂದ ನಾನು ಊಟ ಮಾಡ್ತಿಲ್ಲ," ಎಂದಳು ಕೊನೆಗೆ. "ತಿಂದ್ರೆ ನೋವು, ತಿನ್ನದೇ ಇದ್ರೂ ನೋವು. ನನ್ನ ತಟ್ಟೇಲಿರೋದನ್ನ ಅಣ್ಣನ ತಟ್ಟೆಗೆ ಹಾಕ್ತೀನಿ. ಅವನು ಮಾತಾಡ್ತಾ ಇರ್ತಾನೆ, ಗೊತ್ತಾಗಲ್ಲ. ತಿಂದ್ಬಿಡ್ತಾನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಣ್ಣನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಇತ್ತೀಚೆಗೆ ಬೆಲ್ಟಿನಲ್ಲಿ ಹೊಸದಾಗಿ ತೂತು ಮಾಡಿಸಿಕೊಂಡಿದ್ದ. ವಯಸ್ಸಾದ ಮೇಲೆ ಹೊಟ್ಟೆ ಬರುವುದು ಸಹಜ ಎಂದು ಮಗಳೂ ಅಂದಿದ್ದಳು.

"ಒಂದು ದಿನ ಕೂಡ ಕೇಳ್ಲಿಲ್ಲ," ಎಂದಳು ಪೇಶೆಂಟಮ್ಮ, ಮತ್ತು ಹಾಗೆ ಹೇಳಿದ ಮೇಲೆ ತನಗೆ ಸಿಟ್ಟು ಬಂದಿದೆ ಎಂಬುದು ಆಕೆಗೇ ಗೊತ್ತಾಯಿತು. "ನನಗೆ ಸಾಕಾಗಿದೆ. ನಂಗೆ ಭಯ ಆಗಿದೆ. ಮೊಣಕಾಲು ನೋವಿಗೆ ದಿನಾ ಮಾತ್ರೆ ತಗೋತಿದ್ದೆ, ಅದನ್ನೂ ಬರ್ಕೊಳ್ಳಿ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಹೊಟ್ಟೆಯೊಳಗಿನ ಹುಣ್ಣಿಗೆ ಬೇಕು. ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ನೋಡಿ, ರಕ್ತ ಜಿನುಗುತ್ತಿದ್ದ ಹುಣ್ಣನ್ನು ಅಲ್ಲಿಯೇ ಮುಚ್ಚಿದರು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಾಗುತ್ತಿತ್ತೆಂದು ಹೇಳಿದರು. ಆಕೆ ಬದುಕಿದಳು.

ಬದುಕಿದವಳು ಮೊದಲಿನಂತಿರಲಿಲ್ಲ. ಅಷ್ಟು ವರ್ಷ ನುಂಗಿಕೊಂಡಿದ್ದೆಲ್ಲ ಒಂದು ಸಲ ಮೇಲಕ್ಕೆ ಬರಲು ದಾರಿ ಕಂಡುಕೊಂಡ ಮೇಲೆ ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಚಹಾ ತಣ್ಣಗಿದೆ, ಕುರ್ಚಿ ಗಟ್ಟಿಯಾಗಿದೆ, ಅಣ್ಣ ತಿನ್ನುವಾಗ ಸದ್ದು ಮಾಡುತ್ತಾನೆ, ಪಕ್ಕದ ಮನೆಯವಳು ಮಾತಾಡಿದರೆ ತಲೆ ಸಿಡಿಯುತ್ತದೆ, ಗಂಡ ಸತ್ತ ದಿನ ಇಷ್ಟು ಜನರಲ್ಲಿ ಒಬ್ಬರೂ ತನ್ನ ಪಕ್ಕ ಕೂರಲಿಲ್ಲ. ಯಾರೂ ಕೇಳದೆ, ಯಾವ ಸಂದರ್ಭವೂ ಇಲ್ಲದೆ, ಹಾಲು ಕಾಯಿಸುತ್ತ, ಬಟ್ಟೆ ಮಡಿಸುತ್ತ ಹೇಳುವಳು. ಅಣ್ಣ ಎರಡು ಮೂರು ಸಲ ತನ್ನ ಹಳೆಯ ವಾದವನ್ನು ಎತ್ತಲು ನೋಡಿದ; ನಡುವೆಯೇ ಆಕೆ ಮೊಣಕಾಲಿನ ವಿಷಯಕ್ಕೆ ಬಂದುಬಿಟ್ಟಳು. ಆತ ಚಮಚ ಕೆಳಗಿಟ್ಟು ಕೇಳಿಸಿಕೊಂಡ. ಕೇಳಿಸಿಕೊಳ್ಳುವುದು ಆತನಿಗೆ ಒಗ್ಗಿದ ಕೆಲಸವಲ್ಲ, ಮುಖದ ಮೇಲೆ ಅದರ ಶ್ರಮ ಕಾಣುತ್ತಿತ್ತು. ಆತನ ಕಣ್ಣು ಈಗ ಆಕೆಯ ತಟ್ಟೆಯ ಮೇಲಿರುತ್ತಿತ್ತು.

ಕಾಲೇಜಿನಲ್ಲಿ ನಷ್ಟವಾಯಿತು. ಪರೀಕ್ಷೆಯ ದಿನವೊಂದರಲ್ಲಿ, ಕೇಳಬೇಕಾದ್ದನ್ನು ಕೇಳದೆ ಎದ್ದು ಹೊರಟಿದ್ದ ವಿದ್ಯಾರ್ಥಿಯನ್ನು ಪೇಶೆಂಟಮ್ಮ ತೋಳು ಹಿಡಿದು ಕೂರಿಸಿ, "ಇನ್ನೂ ಒಂದಿದೆ, ಕೇಳಪ್ಪ," ಎಂದುಬಿಟ್ಟಳು. ಮೇಲ್ವಿಚಾರಕಿ ಬೈದಳು. ಎರಡನೆಯ ಸಲವೂ ಹಾಗೆಯೇ ಆದಾಗ, ಬೇಸರದಿಂದಲೇ, ಆಕೆಯನ್ನು ಪರೀಕ್ಷೆಯ ಕೋಣೆಗಳಿಂದ ತೆಗೆದು ಹೊಸಬರಿಗೆ ಪಾಠ ಹೇಳುವ ಕಡೆಗೆ ಹಾಕಿದಳು. ಅಷ್ಟು ಚೆನ್ನಾಗಿ ನುಂಗಿಕೊಳ್ಳುವವರು ಆ ಕಾಲೇಜಿಗೆ ಮತ್ತೆ ಸಿಗಲಿಲ್ಲವಂತೆ.

ಇಂಥವರು ಪ್ರತಿಯೊಂದು ಮನೆಯಲ್ಲಿ, ಪ್ರತಿಯೊಂದು ಕಚೇರಿಯಲ್ಲಿ ಒಬ್ಬರಾದರೂ ಇರುತ್ತಾರೆ. ಪರರ ಸುಖದುಃಖಗಳಿಗೆ ಮೈಯನ್ನೂ ದನಿಯನ್ನೂ ಎರವಲು ಕೊಟ್ಟು, ತಮ್ಮ ಸರದಿಗಾಗಿ ಸಭ್ಯವಾಗಿ ಕಾಯುತ್ತಾರೆ. ಲೋಕ ಅವರನ್ನು ತಾಳ್ಮೆಯವರೆಂದು ಹೊಗಳುತ್ತದೆ, ಆ ಹೊಗಳಿಕೆಯಿಂದ ಲೋಕಕ್ಕೆ ವಿಚಾರಿಸುವ ಶ್ರಮ ಉಳಿಯುತ್ತದೆ. ತಾನು ಎಂಬುದು ಒಳಗಿದೆಯೋ ಹೊರಗಿದೆಯೋ ಎಂಬ ಜಿಜ್ಞಾಸೆಗೆ ಅವರಿಗೆ ಬಿಡುವಿರುವುದಿಲ್ಲ, ಯಾರಾದರೂ ಬಡಿಸಬೇಕಲ್ಲ. ಅವರೊಳಗಿನ ಆ ತಾನು ಮೊಟ್ಟಮೊದಲು ಬಾಯಿಬಿಟ್ಟಾಗ ತತ್ವವನ್ನು ಹೇಳುವುದಿಲ್ಲ, ದೂರು ಹೇಳುತ್ತದೆ. ಹಸಿದಿದ್ದೇನೆ, ನೋಯುತ್ತಿದೆ, ನೀವು ಒಂದು ದಿನವೂ ಕೇಳಲಿಲ್ಲ ಎನ್ನುತ್ತದೆ. ಅದನ್ನು ಕೇಳುವುದು ಹಿತವಲ್ಲ. ಅಷ್ಟು ಒಳ್ಳೆಯವರು ಹೀಗೇಕಾದರು ಎಂದು ಆಗ ನಾವು ನೊಂದುಕೊಳ್ಳುತ್ತೇವೆ. ಅವರು ಮೊದಲಿನಿಂದಲೂ ಹಾಗೇ ಇದ್ದರು. ನಮ್ಮ ತಟ್ಟೆಗೆ ಬೀಳುತ್ತಿದ್ದದ್ದು ಯಾರ ಪಾಲಿನದೆಂದು ನಾವು ನೋಡಿರಲಿಲ್ಲ.